ಮನೆ ಮಾರಾಟದಲ್ಲಿ ನಾನು ನುಂಗಿದ ಮಾತು

ಎಸ್ಲಿಂಗನ್
ಮಾರ್ಚ್ ೧೧, ೨೦೧೮, ಭಾನುವಾರ

ಪ್ರೀತಿಯ ಫ್ರೌ ಹೆಫೆಲೆ ಅವರಿಗೆ,

ಎರಡನೇ ಮಹಡಿಯ ಗುಲ್ತೆನ್ ನಿಮ್ಮ ಕೈಗೆ ಮುತ್ತಿಟ್ಟು, ಹಣೆಗೊತ್ತಿಕೊಂಡು ಬರೆಯುವ ಕಾಗದ. ನಾವೆಲ್ಲ ಕ್ಷೇಮ. ಅಪ್ಪನ ಮಂಡಿನೋವು, ಅಮ್ಮನ ರಕ್ತದೊತ್ತಡ, ಮನೆಯ ಸೂರು, ಮೂರೂ ಸದ್ಯಕ್ಕೆ ಹತೋಟಿಯಲ್ಲಿವೆ. ನಿಮ್ಮ ಸೊಂಟಕ್ಕೆ ಹಾಕಿದ ಹೊಸ ಕೀಲು ಹಳೆಯದಕ್ಕಿಂತ ಚೆನ್ನಾಗಿ ತಿರುಗುತ್ತಿದೆ ಎಂದು ನಿಮ್ಮ ತಂಗಿ ಫೋನಿನಲ್ಲಿ ಹೇಳಿದರು. ಆಸ್ಪತ್ರೆಯ ಸೂಪಿಗೆ ನೀವು ಇಟ್ಟ ಹೆಸರನ್ನೂ ಹೇಳಿದರು. ಕೇಳಿ ಸಮಾಧಾನವಾಯಿತು. ಬೈಯುವಷ್ಟು ಶಕ್ತಿ ಉಳಿದಿದ್ದರೆ ನಿಮಗೆ ಏನೂ ಆಗಿಲ್ಲ ಎಂದೇ ಅರ್ಥ.

ಗುರುವಾರ ನಿಮ್ಮ ಪತ್ರ ಬಂತು. ಇನ್ನು ಸರೋವರದ ದಂಡೆಯ ತಂಗಿಯ ಮನೆಯಲ್ಲೇ ಇದ್ದುಬಿಡುತ್ತೇನೆ ಎಂದು ಬರೆದಿದ್ದೀರಿ. ನಮ್ಮ ನೆಲಮಹಡಿಯಲ್ಲಿ ಸಾಯುವವರೆಗೆ ಬಾಡಿಗೆಯಿಲ್ಲದೆ ವಾಸಿಸುವ ನಿಮ್ಮ ಹಕ್ಕನ್ನು ನೋಟರಿಯ ಹತ್ತಿರ ಹೋಗಿ ಹೊಡೆದುಹಾಕಿಸುತ್ತೇನೆ, ಎಂಬತ್ತೈದು ವರ್ಷದ ಕುಂಟಿ ಯಾರ ಮನೆಗೂ ಹೊರೆಯಾಗಬಾರದು, ಚಾಕಿರ್ ಎಂದು ನೀವು ಕರೆಯುವ ನಮ್ಮಪ್ಪ ಅದನ್ನು ಒಳ್ಳೆಯ ಬಾಡಿಗೆಗೆ ಕೊಡಲಿ ಎಂದಿದ್ದೀರಿ. ಕೊನೆಗೆ ಒಂದು ಸಾಲು: "ಇದನ್ನ ನಿಮ್ಮಪ್ಪನಿಗೆ ಸ್ವಲ್ಪ ನಯವಾಗಿ ಹೇಳು ಗುಲ್ತೆನ್, ನಿನಗೆ ಅದು ಬರುತ್ತೆ."

ಆ ಕೊನೆಯ ಸಾಲು ನನ್ನನ್ನು ಚುಚ್ಚಿತು. ಇಪ್ಪತ್ತೈದು ವರ್ಷದಿಂದ ನೀವೂ ಅಪ್ಪನೂ ಅರ್ಧ ಜರ್ಮನ್, ಕಾಲು ಟರ್ಕಿ, ಉಳಿದದ್ದು ಕೈಸನ್ನೆಯಲ್ಲಿ ದಿನಾ ಜಗಳವಾಡಿಕೊಂಡು ಬಂದಿದ್ದೀರಿ. ಸಣ್ಣ ಜಗಳಕ್ಕೆ ನಿಮಗಿಬ್ಬರಿಗೂ ಇರುವ ಭಾಷೆ ಧಾರಾಳ ಸಾಕು. ದೊಡ್ಡ ಮಾತು ಬಂದಾಗ ಮಾತ್ರ ನಾನು ಬೇಕು. ಆದರೆ ನಯವಾಗಿ ಹೇಳುವ ಕೆಲಸವನ್ನು ನಾನು ಬಿಟ್ಟು ಕಾಲು ಶತಮಾನವಾಯಿತು, ಅದನ್ನು ಬಿಡಿಸಿದವರು ನೀವೇ. ಆ ಕತೆಯನ್ನು ಒಮ್ಮೆ ಪೂರ್ತಿಯಾಗಿ ಬರೆಯುತ್ತೇನೆ. ಅದರಲ್ಲಿ ನಿಮಗೆ ಗೊತ್ತಿಲ್ಲದ ಒಂದು ಭಾಗವಿದೆ.

ನೀವು ಮನೆ ಮಾರುತ್ತೀರಿ ಎಂಬ ಸುದ್ದಿ ಹೊರಟಾಗ ನನಗೆ ಹದಿನೇಳು. ನಾವು ಎರಡನೇ ಮಹಡಿಯಲ್ಲಿ ಬಾಡಿಗೆಗೆ ಬಂದು ಒಂಬತ್ತು ವರ್ಷವಾಗಿತ್ತು. ನಿಮ್ಮ ಯಜಮಾನರು ಓಯ್ಗನ್ ತೀರಿಕೊಂಡು ಎರಡು ವರ್ಷ. ಸೂರು ಸೋರುತ್ತಿತ್ತು, ಮಕ್ಕಳಿರಲಿಲ್ಲ, ಒಬ್ಬರೇ ನಾಲ್ಕು ಸಂಸಾರದ ಮನೆಯನ್ನು ಎಷ್ಟು ದಿನ ಎಳೆಯುತ್ತೀರಿ? ಅಪ್ಪನ ಜೊತೆ ಎರಕದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವರೆಲ್ಲ ಕಪ್ಪು ಸಮುದ್ರದ ದಂಡೆಯ ತಮ್ಮ ತಮ್ಮ ಹಳ್ಳಿಗಳಲ್ಲಿ ಮೂರಂತಸ್ತಿನ ಮನೆ ಏರಿಸುತ್ತಿದ್ದ ಕಾಲ ಅದು. "ಯಾರದೋ ದೇಶದಲ್ಲಿ ಯಾಕೋ ದುಡ್ಡು ಹೂಳ್ತೀಯ ದುರ್ಸುನ್?" ಎಂದು ಅಪ್ಪನನ್ನು ಆಡಿಕೊಂಡರು. ಅಪ್ಪ ಬಗ್ಗಲಿಲ್ಲ. "ವರ್ಷಕ್ಕೆ ನಾಲ್ಕು ವಾರ ಮಲಗೋ ಜಾಗಕ್ಕೆ ಮೂರಂತಸ್ತು ಕಟ್ಟಿಸೋಕೆ ನನಗೇನು ತಲೆ ಕೆಟ್ಟಿದ್ಯಾ? ನಾನು ದಿನಾ ಎದ್ದೇಳೋ ಕಡೆ ಮನೆ ತಗೋತೀನಿ. ಒಂದರಲ್ಲಿ ನಾವಿರ್ತೀವಿ, ಮೂರರ ಬಾಡಿಗೆ ಬ್ಯಾಂಕಿಗೆ ಹೋಗುತ್ತೆ." ಹೀಗೆ ಆರು ಭಾನುವಾರ ನಿಮ್ಮ ಅಡುಗೆಮನೆಯ ಮೇಜಿನ ಆಚೆ ನೀವು, ಈಚೆ ಅಪ್ಪ, ಮಧ್ಯೆ ಬಡಪಾಯಿ ನಾನು.

ಇಬ್ಬರೂ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವರು. ನೀವು ಮನೆಯೊಳಗೆ ಅಪ್ಪನನ್ನು ಗುಡುಗು ಎಂದು ಕರೆಯುತ್ತಿದ್ದುದು ನನಗೆ ಗೊತ್ತಿತ್ತು. ಅಪ್ಪ ನಿಮ್ಮನ್ನು ಜನರಲ್ ಎನ್ನುತ್ತಿದ್ದ. ಅಪ್ಪನ ಜರ್ಮನ್ ಎಂದರೆ ಕಾರ್ಖಾನೆಯ ಹತ್ತು ಪದ. ನೀವು ಮಾತಾಡುವುದೋ ನಮ್ಮ ಶಾಲೆಯ ಮೇಷ್ಟರಿಗೂ ಪೂರ್ತಿ ಅರ್ಥವಾಗದ ಈ ಬೆಟ್ಟದ ಕಡೆಯ ಜರ್ಮನ್. ನನಗೆ ಒಂದೇ ಗುರಿ. ಮನೆ ನಮ್ಮದಾಗಬೇಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದಕ್ಕೆ ನಾನು ಈ ಕಡೆಯ ಮಾತಿಗೂ ಆ ಕಡೆಯ ಮಾತಿಗೂ ಸಕ್ಕರೆ ಸುರಿಯತೊಡಗಿದೆ.

ಮೊದಲ ಭಾನುವಾರ ನೀವು ಬೆಲೆ ಹೇಳಿದಿರಿ. ನಿಮ್ಮ ಕಡೆ ಹೇಳಿದ ಬೆಲೆಯೇ ಬೆಲೆ. ನಮ್ಮ ಕಡೆ ಹೇಳಿದ ಬೆಲೆಗೆ ಹೂಂ ಎಂದವನು ಬೆಪ್ಪು, ಮಾರುವವನಿಗೂ ಅವಮಾನ. ಅಪ್ಪ ಎದೆಗೆ ಕೈ ಹಚ್ಚಿ, ಹಾವು ಕಚ್ಚಿದವನ ಹಾಗೆ ಎದ್ದು ಬಾಗಿಲವರೆಗೆ ಹೋದ. ಇನ್ನು ಮಾತಿಲ್ಲ, ನಾನು ಹೊರಟೆ ಎಂಬ ಆಟ ಅದು. ಎದುರಿನವರು ಕೈ ಹಿಡಿದು ಕೂರಿಸಿ ಸ್ವಲ್ಪ ಇಳಿಸಬೇಕು. ನೀವು ಕೂರಿಸಲಿಲ್ಲ. ಕಣ್ಣು ಕಿರಿದು ಮಾಡಿ "ಏನಾಯ್ತು ಇವನಿಗೆ?" ಎಂದು ನನ್ನನ್ನು ಕೇಳಿದಿರಿ. ನನಗೆ ಹೊಳೆದದ್ದು ಒಂದೇ. "ಅಪ್ಪನಿಗೆ ಬೆನ್ನುನೋವು ಫ್ರೌ ಹೆಫೆಲೆ, ತುಂಬಾ ಹೊತ್ತು ಕೂರೋಕಾಗಲ್ಲ." ಮುಂದಿನ ಭಾನುವಾರ ಹೋದರೆ ಅಪ್ಪನ ಕುರ್ಚಿಯ ಮೇಲೆ ಒಂದು ದಪ್ಪ ಮೆತ್ತೆ. ಅಪ್ಪ ನನ್ನ ಪಕ್ಕೆ ತಿವಿದು ಪಿಸುಗುಟ್ಟಿದ, "ನೋಡಿದ್ಯಾ? ಜನರಲ್ ಮೆತ್ತಗಾಗ್ತಿದಾಳೆ." ಆವತ್ತು ಎರಡು ಸಲ ಎದ್ದು ಬಾಗಿಲಿಗೆ ಹೋದ. ಮೂರನೇ ವಾರ ನೀವು ಸೂರಿನ ರಿಪೇರಿಗೆಂದು ನೀವಾಗಿಯೇ ಹತ್ತು ಸಾವಿರ ಮಾರ್ಕ್ ಇಳಿಸಿದಿರಿ. ಅಪ್ಪ ಅದು ತನ್ನ ನಡಿಗೆಯ ಫಲವೆಂದು ಇವತ್ತಿಗೂ ನಂಬಿದ್ದಾನೆ.

ಸ್ನಾನದ ಕೋಣೆಯ ವಿಷಯ ಇನ್ನೂ ಕೆಟ್ಟದ್ದು. ಒಂದು ದಿನ ನೀವು ಬೆರಳು ಎತ್ತಿ ಕೇಳಿದಿರಿ, "ಸ್ನಾನದ ತೊಟ್ಟಿಯಲ್ಲಿ ಕುರಿ ಕಡೀತಾರಂತಲ್ಲ ನಿಮ್ಮೋರು, ಇವನೂ ಕಡೀತಾನಾ ಕೇಳು." ನಾನು ಅಪ್ಪನಿಗೆ ಹೇಳಿದ್ದು, "ಸ್ನಾನದ ಕೋಣೆ ಹಿಡಿಸ್ತಾ ಅಂತ ಕೇಳ್ತಿದಾರೆ." ಅಪ್ಪ ಅಂದ, "ಅದು ಸ್ನಾನದ ಕೋಣೆನಾ? ಗೋರಿ ಇದಕ್ಕಿಂತ ಅಗಲ ಇರುತ್ತೆ. ಕಟ್ಟಿದ ಪುಣ್ಯಾತ್ಮನಿಗೆ ಮೊಣಕೈ ಇರಲಿಲ್ಲ ಅಂತ ಕಾಣುತ್ತೆ." ನಾನು ನಿಮಗೆ ಹೇಳಿದ್ದು, "ಇಲ್ಲವಂತೆ, ಕುರಿ ಕಡಿಯಲ್ವಂತೆ. ಸ್ನಾನದ ಕೋಣೆ ತುಂಬಾ ಅಚ್ಚುಕಟ್ಟಾಗಿದೆ, ಕಟ್ಟಿದವರ ಕೈಗುಣ ಅಂತಿದಾರೆ." ನೀವು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡಿರಿ. ಆ ನಾಲ್ಕೂ ಸ್ನಾನದ ಕೋಣೆಗಳನ್ನು ಓಯ್ಗನ್ ತಮ್ಮ ಕೈಯಾರೆ ಕಟ್ಟಿದ್ದು ಎಂದು ನನಗೆ ಆಗ ತಿಳಿಯಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಇನ್ನು ಗುಡಿಸುವ ವಾರದ ಸಂಗತಿ. ವಾರಕ್ಕೊಂದು ಮನೆಯ ಬಾಗಿಲ ಹಿಡಿಗೆ ಆ ಮರದ ಹಲಗೆ ನೇತುಬೀಳುತ್ತಿತ್ತು. ಬಿತ್ತೆಂದರೆ ಆ ವಾರ ಮೆಟ್ಟಿಲು, ಪಡಸಾಲೆ, ಬೀದಿಯ ಅಂಚು, ಬಿದ್ದ ಹಿಮ ಎಲ್ಲ ಆ ಮನೆಯವರ ಪಾಲು. ನೀವು ಮನೆಯ ಒಡತಿ, ಆದರೂ ನಿಮ್ಮ ವಾರ ಬಂದಾಗ ಮಂಡಿಯೂರಿ ಮೆಟ್ಟಿಲು ತೊಳೆಯುತ್ತಿದ್ದಿರಿ. ಅಪ್ಪನಿಗೆ ಅದನ್ನು ನೋಡಲಾಗುತ್ತಿರಲಿಲ್ಲ. ನಾಲ್ಕನೇ ಭಾನುವಾರ ಅವನು ಬಹಳ ದೊಡ್ಡ ಮನಸ್ಸಿನಿಂದ ಹೇಳಿದ, "ಈ ಮನೆ ನನ್ನದಾಗಲಿ, ಮೊದಲು ಆ ಹಲಗೇನ ಒಲೆಗೆ ಹಾಕ್ತೀನಿ. ಕೆಲಸಕ್ಕೆ ಒಬ್ಬನನ್ನ ಇಡ್ತೀನಿ. ಯಾವ ಹೆಂಗಸೂ ಇಲ್ಲಿ ಮಂಡಿಯೂರಬಾರದು." ಅವನ ಪ್ರಕಾರ ಅದು ನಿಮಗೆ ಕೊಟ್ಟ ಮರ್ಯಾದೆ. ಆದರೆ ಈ ಬೆಟ್ಟದ ಕಡೆಯವರಿಗೆ ಪೊರಕೆ ಕಿತ್ತುಕೊಳ್ಳುವುದೂ ಮಾನ ಕಳೆಯುವುದೂ ಒಂದೇ ಎಂದು ಇಲ್ಲೇ ಬೆಳೆದ ನನಗೆ ಗೊತ್ತಿತ್ತು. "ಮನೆಯ ಪದ್ಧತಿ ಒಂದೂ ತಪ್ಪದ ಹಾಗೆ ನೋಡ್ಕೋತಾರಂತೆ" ಎಂದು ತಿರುಗಿಸಿದೆ. ನೀವು ತಲೆಯಾಡಿಸಿ ಆ ಮಾತನ್ನು ಚೀಟಿಯಲ್ಲಿ ಬರೆದುಕೊಂಡಿರಿ. ಬರೆದುಕೊಂಡದ್ದು ಯಾಕೆ ಎಂದು ನಾನು ಯೋಚಿಸಲಿಲ್ಲ.

ಈಗ ನಿಮಗೆ ಗೊತ್ತಿಲ್ಲದ ಭಾಗಕ್ಕೆ ಬಂದೆ. ಐದನೇ ಭಾನುವಾರ. ಕಾಫಿ ಮುಗಿದಿತ್ತು. ನೀವು ಹಿತ್ತಲಿನ ಮರಸೇಬಿನ ಮರದ ಕಡೆ ನೋಡುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದಿರಿ, "ತಂಗಿ ಮನೆಗೆ ಹೋಗೋಕೆ ನನಗೇನೂ ಆಸೆ ಇಲ್ಲ. ಇಲ್ಲೇ ನೆಲಮಹಡೀಲಿ ಸಾಯೋವರೆಗೆ ಇರಬಹುದಿತ್ತು. ಆದ್ರೆ ಸಿಡುಕು ಮುದುಕೀನ ತಾನು ಕೊಂಡ ಮನೇಲಿ ಯಾರು ಇಟ್ಕೋತಾರೆ?" ಅಪ್ಪ ನನ್ನ ಮುಖ ನೋಡಿದ. "ಏನಂತೆ?" ನಾನು ಅಂದೆ, "ತಂಗಿ ಮನೆಗೆ ಹೋಗೋಕೆ ಖುಷಿಯಾಗಿದೆಯಂತೆ."

ಇದು ಸಕ್ಕರೆಯಲ್ಲ ಫ್ರೌ ಹೆಫೆಲೆ. ಇದು ಕಳ್ಳತನ. ವ್ಯಾಪಾರ ಕೆಟ್ಟೀತು ಎಂಬ ಭಯದಿಂದ ಹಾಗೆ ಮಾಡಿದೆ ಎಂದು ನಾನು ಎಷ್ಟೋ ವರ್ಷ ನನಗೇ ಹೇಳಿಕೊಂಡೆ. ಭಯವೂ ಇತ್ತು, ಇಲ್ಲವೆನ್ನುವುದಿಲ್ಲ. ನಿಜ ಬೇರೆ. ನಿಮ್ಮ ಹಿಂದಿನ ಕೋಣೆಗೆ ಹಿತ್ತಲಿಗೆ ತೆರೆಯುವ ಬಾಗಿಲಿತ್ತು. ನಾನು ತಮ್ಮ ಹುಟ್ಟಿದಾಗಿನಿಂದ ಅವನ ಜೊತೆ ಒಂದೇ ಕೋಣೆಯಲ್ಲಿ, ಅವನ ಕಾಲ್ಚೀಲದ ವಾಸನೆಯಲ್ಲಿ ಬೆಳೆದವಳು. ನೀವು ಹೋದ ಮೇಲೆ ನಾವು ನೆಲಮಹಡಿಗೆ ಇಳಿಯುವುದೆಂದು ಮನೆಯಲ್ಲಿ ಮಾತಾಗಿತ್ತು, ಆ ಕೋಣೆ ನನಗೆ ಬೇಕಿತ್ತು. ಅದಕ್ಕೆ ಹಾಕುವ ಪರದೆಯ ಬಣ್ಣವನ್ನೂ ಆರಿಸಿ ಇಟ್ಟಿದ್ದೆ, ಹಳದಿ. ಒಂದು ಪರದೆಗಾಗಿ ನಿಮ್ಮನ್ನು ನಿಮ್ಮ ಮನೆಯಿಂದ ಹೊರಗೆ ಹಾಕಲು ಹೊರಟಿದ್ದೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ನೋಟರಿಯ ದಿನಕ್ಕೆ ಒಂದು ವಾರ ಮೊದಲು ಕಾಗದ ಬಂತು. ಮನೆಯ ಕಾಗದವೆಲ್ಲ ನಾನೇ ಒಡೆಯುತ್ತಿದ್ದೆ. ಕೊಳ್ಳುವವರಿಗೆ ಜರ್ಮನ್ ಬಾರದಿದ್ದರೆ ಪತ್ರವನ್ನು ಸಾಲು ಸಾಲಾಗಿ ಅವರ ಭಾಷೆಯಲ್ಲಿ ಕೇಳಿಸಬೇಕು, ಅದಕ್ಕೆ ಮಗಳು ಆಗುವುದಿಲ್ಲ, ಪ್ರಮಾಣ ಮಾಡಿದ ಹೊರಗಿನ ದುಭಾಷಿಯೇ ಬರಬೇಕು ಎಂದು ಬರೆದಿತ್ತು. ಆರು ವಾರದ ಸುಳ್ಳೆಲ್ಲ ಒಂದೇ ಮೇಜಿನ ಮೇಲೆ ಬಂದು ಬೀಳುತ್ತದೆ. ನೀವು ಎದ್ದು ಹೋಗುತ್ತೀರಿ, ಅಪ್ಪ ನನ್ನ ಮುಖ ನೋಡುವುದಿಲ್ಲ, ಮನೆಗೆ ಎಳ್ಳುನೀರು. ನಾನು ಕಚೇರಿಗೆ ಫೋನ್ ಮಾಡಿ, ನಮ್ಮಪ್ಪನಿಗೆ ಜರ್ಮನ್ ನೀರು ಕುಡಿದಷ್ಟು ಸಲೀಸು, ದುಭಾಷಿ ಬೇಡ ಎಂದೆ. ಹಾಗಾದರೆ ಅವರಿಗೇ ಫೋನ್ ಕೊಡಮ್ಮ ಎಂದರು. ಅಪ್ಪ ಬಹಳ ಗಂಭೀರವಾಗಿ ಫೋನಿನೊಳಗೆ ಹೇಳಿದ, "ನಮಸ್ಕಾರ. ಪಾಳಿ. ವಿರಾಮ. ಬೇಗ ಬೇಗ." ಆ ಕಡೆಯಿಂದ ದುಭಾಷಿ ಬರುವ ಸಮಯವನ್ನು ಹೇಳಿ ಫೋನ್ ಇಟ್ಟರು.

ಬಂದವರು ರೆಫಿಕ್ ಬೇ. ನಿಮಗೆ ನೆನಪಿರಲೇಬೇಕು, ಇಸ್ತಾಂಬುಲ್ಲಿನ ಸಣಕಲು ಸಜ್ಜನರು, ಕತ್ತಿಗೆ ಚಿಟ್ಟೆ ಟೈ, ದನಿ ಬೆಣ್ಣೆ. ನನ್ನನ್ನು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಬಾಯಿ ಬಿಡಬಾರದು ಎಂದರು. ನೋಟರಿ ಕನ್ನಡಕ ಏರಿಸಿ ಒಂದೊಂದೇ ಸಾಲು ಓದತೊಡಗಿದರು. ಒಂದಕ್ಷರ ಹಾರಿಸದೆ ಗಟ್ಟಿಯಾಗಿ ಓದಲೇಬೇಕು, ಇಲ್ಲದಿದ್ದರೆ ಆ ಪತ್ರಕ್ಕೆ ಬೆಲೆಯಿಲ್ಲ. ರೆಫಿಕ್ ಬೇ ಟರ್ಕಿಯಲ್ಲಿ ಹೇಳುತ್ತ ಹೋದರು. ಸರ್ವೆ ನಂಬರು, ಬೇಲಿ, ಚರಂಡಿ, ಎಲ್ಲ ಸುಖವಾಗಿ ದಾಟಿದವು. ಆಮೇಲೆ ನೋಟರಿ ಓದಿದರು: ಕೊಳ್ಳುವವನು ಮಾತು ಕೊಟ್ಟಿರುವ ಪ್ರಕಾರ ಮನೆಯಲ್ಲಿ ಗುಡಿಸುವ ವಾರದ ಪದ್ಧತಿಯನ್ನು ಮುಂದುವರಿಸತಕ್ಕದ್ದು, ತಾನೂ ತನ್ನ ಸರದಿಯನ್ನು ತಪ್ಪದೆ ನಡೆಸತಕ್ಕದ್ದು. ನಿಮ್ಮ ಚೀಟಿ ಎಲ್ಲಿಗೆ ಹೋಗಿತ್ತೆಂದು ಆಗ ಗೊತ್ತಾಯಿತು.

ಅಪ್ಪ ಗುಡುಗಿದ. "ಯಾರು ಮಾತು ಕೊಟ್ಟಿದ್ದು? ಆ ಹಲಗೆ ಒಲೆಗೆ ಹಾಕ್ತೀನಿ ಅಂದವನು ನಾನು. ಇಷ್ಟು ದುಡ್ಡು ಸುರಿದು ಪೊರಕೆ ಕೊಂಡ್ಕೋಬೇಕಾ?" ರೆಫಿಕ್ ಬೇ ಅದನ್ನು ಒಂದು ಕೂದಲೂ ಕೊಂಕದಂತೆ, ಮದುವೆಗೆ ಕರೆಯುವವರ ದನಿಯಲ್ಲಿ ಜರ್ಮನ್ನಿಗೆ ತಿರುಗಿಸಿದರು. ನೀವು ಮೊದಲು ಅವರನ್ನು ನೋಡಿದಿರಿ, ಆಮೇಲೆ ಅಪ್ಪನನ್ನು, ಕಡೆಗೆ ಗೋಡೆಯ ಪಕ್ಕ ನನ್ನನ್ನು. ನಾನು ನನ್ನ ಬೂಟು ನೋಡಿಕೊಂಡೆ. ನೀವು ನಿಧಾನವಾಗಿ ಕೇಳಿದಿರಿ, "ಹಾಗಾದ್ರೆ ನನ್ನ ಗಂಡನ ಕೈಗುಣ ಹೊಗಳಿದ್ದು? ಸ್ನಾನದ ಕೋಣೆ ಅಚ್ಚುಕಟ್ಟು ಅಂದಿದ್ದು?" ಅಪ್ಪ ಕೇಳಿಸಿಕೊಂಡು ಕಣ್ಣರಳಿಸಿದ. "ನಾನಾ? ಗೋರಿ ಇದಕ್ಕಿಂತ ಅಗಲ ಅಂದೆ. ಕಟ್ಟಿದವನಿಗೆ ಮೊಣಕೈ ಇರಲಿಲ್ಲ ಅಂದೆ." ರೆಫಿಕ್ ಬೇ ಒಂದು ಗುಟುಕು ನೀರು ಕುಡಿದು ಅದನ್ನೂ ತಲುಪಿಸಿದರು.

ನಾನು ಮನಸ್ಸಿನಲ್ಲೇ ಹೊಸ ಬಾಡಿಗೆ ಮನೆ ಹುಡುಕುತ್ತಿದ್ದೆ. ಆಮೇಲೆ ನೀವು ಕೋಟಿನ ತೋಳು ಮೇಲೆ ಸರಿಸಿದಿರಿ. ಮೊಣಕೈ ತೋರಿಸಿದಿರಿ. ಅಲ್ಲೊಂದು ಹಳೆಯ ಗಂಟು. "ಇಪ್ಪತ್ತಾರು ವರ್ಷ. ದಿನಾ ಬೆಳಿಗ್ಗೆ ಆ ಗೋಡೆಗೆ ಬಡಿದಿದೀನಿ. ಓಯ್ಗನ್‌ಗೆ ದಿನಾ ಇದೇ ಹೇಳ್ತಿದ್ದೆ. ಅವನು ಹೋದ ಮೇಲೆ ಎಲ್ಲರೂ ಎಷ್ಟು ಚೆನ್ನಾಗಿ ಕಟ್ಟಿದಾನೆ ಅಂತಾರೆ, ನಿಜ ಹೇಳೋರು ಒಬ್ಬರಿರಲಿಲ್ಲ." ಹೇಳಿ ನಕ್ಕಿರಿ. ನೀವು ನಗುವುದನ್ನು ನಾನು ಒಂಬತ್ತು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಅಪ್ಪನೂ ಶುರು ಮಾಡಿದ. ನೋಟರಿ ಫೈಲು ಮುಚ್ಚಿ ಕಾಫಿ ಹೇಳಿದರು.

ಆಮೇಲೆ ನಡೆದದ್ದು ನನಗೆ ಈಗಲೂ ಹಬ್ಬದ ಹಾಗೆ ನೆನಪಿದೆ. ಇಬ್ಬರೂ ಆರು ಭಾನುವಾರಗಳನ್ನು ಮೊದಲಿನಿಂದ ಕೆದಕಿದಿರಿ. ಬೆನ್ನುನೋವು ಸುಳ್ಳೇ? ಸುಳ್ಳು. ಮೆತ್ತೆ? ಪಾಪ ಎಂದು ಹೊಲಿದದ್ದು. ಕುರಿ? "ಆ ತೊಟ್ಟಿಯಲ್ಲಿ ಕೋಳಿ ತಿರುಗೋಕೆ ಜಾಗ ಇಲ್ಲ, ಕುರಿ ಎಲ್ಲಿಂದ ಬಂತು?" ಎಂದ ಅಪ್ಪ. "ನಿಮ್ಮಪ್ಪ ಆರು ವಾರದಿಂದ ಕೆಂಪು ಮುಖ ಮಾಡಿಕೊಂಡು ಕೂಗ್ತಾನೆ, ನೀನು ಜೇನು ಸುರಿಸ್ತೀಯ. ಇವನು ಕಪಟಿ ಇರಬೇಕು ಅಂತ ನಾನು ಹೆದರಿದ್ದೆ" ಎಂದು ನೀವು ನನಗೆ ಹೇಳಿದಿರಿ. ಅಪ್ಪನಿಗೂ ಅದೇ ಹೆದರಿಕೆ ಇತ್ತಂತೆ. ಇಷ್ಟು ಒಳ್ಳೆಯ ಮಾತಾಡುವ ಜನರಲ್ ಎಲ್ಲೋ ಮೋಸ ಮಾಡುತ್ತಿದ್ದಾಳೆ ಎಂದು ರಾತ್ರಿ ಅಮ್ಮನ ಹತ್ತಿರ ಹೇಳಿಕೊಳ್ಳುತ್ತಿದ್ದನಂತೆ. ನಾನು ನಿಮ್ಮಿಬ್ಬರನ್ನೂ ದೇವತೆಗಳನ್ನಾಗಿ ಮಾಡಿ ಒಬ್ಬರನ್ನೊಬ್ಬರು ನಂಬದ ಹಾಗೆ ಮಾಡಿದ್ದೆ.

ಹಲಗೆಯ ಮಾತು ಮತ್ತೆ ಎದ್ದಿತು. "ಈ ಮನೇಲಿ ಮೊದಲು ಗುಡಿಸೋಳು ಒಡತಿ. ಇನ್ನು ಒಡೆಯ ಗುಡಿಸ್ತಾನೆ" ಎಂದಿರಿ. ಅಪ್ಪ ತಲೆ ತಗ್ಗಿಸಿ ಮೆಲ್ಲಗೆ ಹೇಳಿದ, "ನಮ್ಮಮ್ಮ ಊರಲ್ಲಿ ಬೇರೆಯವರ ಮೆಟ್ಟಿಲು ತೊಳೆದು ನನ್ನ ಸಾಕಿದಳು. ಈಯಮ್ಮ ತೊಳೀತಿದ್ರೆ ನನಗೆ ಅವಳೇ ಕಾಣ್ತಾಳೆ, ಅದಕ್ಕೇ ತುದಿಗಾಲಲ್ಲಿ ದಾಟ್ತೀನಿ." ರೆಫಿಕ್ ಬೇ ಅದನ್ನು ಹೇಳುವಾಗ ಅವರ ಬೆಣ್ಣೆಯ ದನಿಯೂ ಒಡೆಯಿತು. ನೀವು ಅಂದಿರಿ, "ನಾನು ತೊಳೆಯೋದು ನನ್ನ ಮೆಟ್ಟಿಲು. ಅದರಲ್ಲಿ ನಾಚಿಕೆ ಏನಿದೆ? ನೀವೂ ನಿಮ್ಮದು ತೊಳೀರಿ." ಅಪ್ಪ ಹೂಂ ಎಂದ. ಪೊರಕೆ ಪತ್ರದಲ್ಲಿ ಉಳಿಯಿತು.

ಅಷ್ಟರಲ್ಲಿ ನೀವು ಪೆನ್ನು ಕೈಗೆತ್ತಿಕೊಂಡು, ಸುಮ್ಮನೆ ಬಾಯಿಗೆ ಬಂದ ಹಾಗೆ ಹೇಳಿದಿರಿ, "ಇಂಥ ಜಗಳಗಂಟ ಅಂತ ಮೊದಲೇ ಗೊತ್ತಿದ್ರೆ ನೆಲಮಹಡೀಲೇ ಇರ್ತೀನಿ ಅಂತ ಇನ್ನೊಂದು ಸಲ ಕೇಳ್ತಿದ್ದೆ." ರೆಫಿಕ್ ಬೇ ಹೇಳಿಯೇಬಿಟ್ಟರು. ಅಪ್ಪನ ಕೈ ಮೇಜಿನ ಮೇಲೆ ಬಿತ್ತು. "ಇನ್ನೊಂದು ಸಲನಾ? ಮೊದಲನೇ ಸಲ ಯಾವಾಗ ಕೇಳಿದಳು? ನಮ್ಮನ್ನ ಕಂಡ್ರೆ ಆಗಲ್ಲ, ಅದಕ್ಕೇ ಓಡ್ತಿದಾಳೆ ಅಂದ್ಕೊಂಡಿದ್ದೆ. ಹೋಗು ಅಂದವರು ಯಾರು? ಬರೀರಿ ಸ್ವಾಮಿ, ಸಾಯೋವರೆಗೆ ಅಂತ ಬರೀರಿ." ಒಂದು ಮನೆಯ ಬಾಡಿಗೆ ಆ ಕ್ಷಣದಲ್ಲೇ ಅವನ ಲೆಕ್ಕದಿಂದ ಹಾರಿಹೋಯಿತು. ನೀವು ಹಾಗಾದರೆ ಬೆಲೆ ಇಳಿಸುತ್ತೇನೆ ಎಂದಿರಿ. ಅಪ್ಪ ಇಳಿಸಬೇಡಿ ಎಂದ. ನೀವು ಇನ್ನೂ ಇಳಿಸಿದಿರಿ, ಅವನು ಎದ್ದು ಬಾಗಿಲಿಗೆ ಹೋದ. ಮೂವತ್ತು ವರ್ಷದಲ್ಲಿ ಇಂಥ ಚೌಕಾಸಿ ನೋಡಿಲ್ಲ ಎನ್ನುತ್ತ ನೋಟರಿ ಅಂಚಿನಲ್ಲಿ ಕೈಬರಹದಲ್ಲಿ ಸೇರಿಸಿ, ಅದನ್ನೂ ಒಂದಕ್ಷರ ಬಿಡದೆ ಓದಿದರು. ಐದನೇ ಭಾನುವಾರದ ಮಾತನ್ನು ನಾನು ತಪ್ಪಾಗಿ ಕೇಳಿಸಿಕೊಂಡೆ ಎಂದು ಆಮೇಲೆ ಇಬ್ಬರಿಗೂ ಹೇಳಿದೆ. ಇಬ್ಬರೂ ನಂಬಿದಿರಿ. ಅದೂ ಸುಳ್ಳು. ಇವತ್ತು ಕ್ಷಮೆ ಕೇಳುತ್ತಿದ್ದೇನೆ.

ನಾನೀಗ ಮನೆ ಮಾರಾಟದ ದಲ್ಲಾಳಿ. ಪೋಲೆಂಡಿನವರು, ಸಿರಿಯಾದವರು, ಪೋರ್ಚುಗಲ್ಲಿನವರು ಎಂದು ಎಲ್ಲೆಲ್ಲಿಂದಲೋ ಬಂದು ನನ್ನ ಮುಂದೆ ಕೂರುತ್ತಾರೆ, ಪಕ್ಕದಲ್ಲಿ ಮಾತು ತಿರುಗಿಸಲು ಮಗಳನ್ನೋ ಸೊಸೆಯನ್ನೋ ಕರೆತರುತ್ತಾರೆ. ಆ ಹುಡುಗಿ ಎರಡು ಕಡೆಗೂ ಸಿಹಿಯಾಗಿ ನಕ್ಕರೆ ಸಾಕು, ನಾನು ಹೊರಗಿನ ದುಭಾಷಿಗೆ ಫೋನ್ ಮಾಡುತ್ತೇನೆ. ದಲ್ಲಾಳಿಯಾಗಿ ನೋಡಿದರೆ ನಿಮ್ಮ ಹಕ್ಕು ಹೊಡೆದುಹೋದ ನೆಲಮಹಡಿಗೆ ಇವತ್ತು ಎಷ್ಟು ಬೆಲೆ ಬರುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಇನ್ನೊಬ್ಬಳಾಗಿದ್ದರೆ ನಿಮಗೆ ಕೃತಜ್ಞತೆಯ ಪತ್ರ ಬರೆಯುತ್ತಿದ್ದಳು.

ನಿಮ್ಮ ಪತ್ರದ ಹಿಂಬದಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದ್ದೀರಿ. ಆಂಬುಲೆನ್ಸ್ ಹೊರಟಾಗ ಅಮ್ಮ ಅದರ ಹಿಂದೆ ಒಂದು ಬಿಂದಿಗೆ ನೀರು ಎರಚಿದ್ದು ಹಿಂದಿನ ಗಾಜಿನಲ್ಲಿ ಕಂಡಿತಂತೆ. "ನಾನು ತೊಲಗಿದ ಕೂಡಲೇ ಬೀದಿ ತೊಳೆದಳಾ ಫಿದಾನ್?" ಎಂದಿದ್ದೀರಿ. ತಮಾಷೆಯಾಗಿ ಬರೆದಿದ್ದೀರಿ, ಆದರೆ ಎರಡು ತಿಂಗಳು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೀರಿ. ನಮ್ಮಲ್ಲಿ ದಾರಿ ಹಿಡಿದವರ ಹಿಂದೆ ನೀರು ಚೆಲ್ಲುತ್ತಾರೆ, ನೀರಿನ ಹಾಗೆ ಸಲೀಸಾಗಿ ಹೋಗಿ ಸಲೀಸಾಗಿ ಮರಳಿ ಬರಲಿ ಎಂದು. ಪರದೇಶಕ್ಕೆ ಹೊರಟ ಮಕ್ಕಳಿಗೆ ಚೆಲ್ಲುತ್ತ ಬಂದ ನೀರು ಅದು. ಇಷ್ಟು ವರ್ಷ ಜೊತೆಗಿದ್ದೂ ಇದನ್ನು ನಿಮಗೆ ಯಾರೂ ಹೇಳಲಿಲ್ಲ.

ನಿಮ್ಮ ಪತ್ರವನ್ನು ನಾನು ನಿನ್ನೆ ಅಪ್ಪನಿಗೆ ಓದಿದೆ. ನಯ ಮಾಡಲಿಲ್ಲ. ನೋಟರಿಯ ಹಾಗೆ ಸಾಲು ಸಾಲಾಗಿ, ಹೊರೆ ಎಂಬ ಮಾತನ್ನೂ ಬಿಡದೆ ಓದಿದೆ. ಐದನೇ ಭಾನುವಾರದ ನಿಜವನ್ನೂ ಹೇಳಿದೆ. ಅಪ್ಪ ನನ್ನ ಕಡೆ ತಿರುಗಿ, "ಹಳದಿ ಪರದೆನಾ?" ಎಂದ. ಆಮೇಲೆ ಬೆರಳೆತ್ತಿ, ಬರಿ, ಒಂದಕ್ಷರ ಬಿಟ್ಟರೆ ನೋಡು ಎಂದ. ಇದು ಅವನ ಉತ್ತರ:

"ಆ ಮುದುಕಿಗೆ ಹೇಳು. ನನ್ನ ಮನೆ ಯಾರಿಗೆ ಬಾಡಿಗೆಗೆ ಕೊಡಬೇಕು ಅಂತ ಹೇಳೋಕೆ ಅವಳ್ಯಾರು? ಪತ್ರದಲ್ಲಿ ಸಾಯೋವರೆಗೆ ಅಂತಿದೆ. ಸತ್ತಿದಾಳಾ? ಇಲ್ಲ. ಸತ್ತಿಲ್ಲ ಅಂದ್ಮೇಲೆ ಮಾತಿಲ್ಲ. ಸೊಂಟ ಮುರ್ಕೊಂಡೋರಿಗೆ ಅವಳ ತಂಗಿ ಮನೆ ಮೂರನೇ ಮಹಡಿ ಒಳ್ಳೇದಾ, ನನ್ನ ನೆಲಮಹಡಿ ಒಳ್ಳೇದಾ? ಹೊರೆ ಅಂತೆ. ಇಪ್ಪತ್ತೈದು ವರ್ಷ ಬೈಸ್ಕೊಂಡಿದೀನಿ, ಇವಳೊಬ್ಬಳು ಈಗ ಹೊರೆ ಆಗ್ತಾಳಂತೆ. ಎರಡು ತಿಂಗಳಿಂದ ಅವಳ ವಾರಾನೂ ಸೇರಿಸಿ ಗುಡಿಸ್ತಿದೀನಿ, ಮೂಲೇಲಿ ಧೂಳಿದೆ ಅನ್ನೋರು ಒಬ್ಬರಿಲ್ಲ. ಸ್ನಾನದ ಕೋಣೆ ಗೋಡೆ ಒಡೆಸಿದೀನಿ, ಓಯ್ಗನ್ ಕ್ಷಮಿಸಲಿ, ಈಗ ಆನೆ ಕೂಡ ಮೈ ತೊಳೀಬಹುದು. ಹಿಡ್ಕೊಳ್ಳೋಕೆ ಕಂಬಿ ಹಾಕ್ಸಿದೀನಿ. ಶನಿವಾರ ಹತ್ತು ಗಂಟೆಗೆ ಕಾರು ತರ್ತೀನಿ. ಗಂಟು ಕಟ್ಕೊಂಡು ಬಾಗಿಲಲ್ಲಿ ಕೂತಿರ್ಲಿ. ಕೇಳ್ತಾ ಇಲ್ಲ, ಹೇಳ್ತಾ ಇದೀನಿ."

ಇಷ್ಟು ಹೇಳಿ ಎದ್ದು ಬಾಗಿಲವರೆಗೆ ಹೋದ. ಚೌಕಾಸಿಯ ನಡಿಗೆ ಇರಬೇಕೆಂದುಕೊಂಡೆ. ಅಲ್ಲೇ ನಿಂತು, ನನ್ನ ಕಡೆ ತಿರುಗದೆ, ಬರೆದೆಯಾ ಎಂದ. ಬರೆದೆ ಎಂದೆ. "ಇದನ್ನೂ ಬರಿ. ಅವಳಿಲ್ಲದೆ ನನಗೆ ಈ ಮನೆ ಕೊಂಡಿದ್ದು ದಂಡ ಅನ್ನಿಸ್ತಿದೆ."

ಸಕ್ಕರೆ ಒಂದು ಹರಳೂ ಇಲ್ಲ, ಆಣೆ. ನನ್ನನ್ನು ಬೈಯುವುದಿದ್ದರೆ ಶನಿವಾರ ಎದುರಿಗೇ ಬೈಯಿರಿ. ದೇವರು ನಿಮ್ಮ ಹೊಸ ಸೊಂಟಕ್ಕೆ ಗಟ್ಟಿತನ ಕೊಡಲಿ, ನಾಲಿಗೆಗೆ ಇನ್ನೂ ಹತ್ತು ವರ್ಷ ಇದೇ ಹರಿತ ಉಳಿಸಲಿ.

ನಿಮ್ಮ ದಾರಿ ಕಾಯುವ,
ಮೇಲ್ಮನೆಯ ಗುಲ್ತೆನ್